ಮರಳಿನ ಬೆನ್ನಿಗಿರುವ ಹೊಲ: ಬಾರ್ಬಡೋಸ್ ದ್ವೀಪವನ್ನು ನೋಡುವ ಬಗೆ

ಮಾನ್ಯ ಅಧ್ಯಕ್ಷರೇ, ಆತ್ಮೀಯ ಸಭಿಕರೇ,

ನಮ್ಮ ಮೂಲ್ಕಿಯ ಕಡಲತೀರದಲ್ಲಿ ನಿಂತು, ಅಕ್ಷಾಂಶದ ಗೆರೆ ತಪ್ಪದಂತೆ ನೇರ ಪಶ್ಚಿಮಕ್ಕೆ ಹೊರಟರೆ ಮೊದಲು ಅರಬ್ಬಿ ಸಮುದ್ರ ಸಿಗುತ್ತದೆ. ಅದನ್ನು ದಾಟಿ ಆಫ್ರಿಕಾ ಖಂಡದ ಅಗಲವನ್ನೆಲ್ಲ ಕ್ರಮಿಸಿದರೆ ಸೆನೆಗಲ್ ಮತ್ತು ಗ್ಯಾಂಬಿಯಾಗಳ ಕರಾವಳಿ ಬರುತ್ತದೆ. ಅಲ್ಲಿಂದ ಮುಂದೆ ಇಡೀ ಅಟ್ಲಾಂಟಿಕ್ ಸಾಗರವನ್ನು ದಾಟಿದ ಮೇಲೆ ಕಾಲಿಗೆ ತಾಗುವ ಮೊದಲ ನೆಲವೇ ಬಾರ್ಬಡೋಸ್. ಅದರ ರಾಜಧಾನಿ ಬ್ರಿಜ್‌ಟೌನ್ ಮತ್ತು ನಮ್ಮ ಮೂಲ್ಕಿ, ಎರಡೂ ಹೆಚ್ಚುಕಡಿಮೆ 13.1 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಸೂರ್ಯ ಎರಡು ಊರುಗಳ ನೆತ್ತಿಯ ಮೇಲೆ ಒಂದೇ ಬಗೆಯಲ್ಲಿ ಹಾದುಹೋಗುತ್ತಾನೆ. 2023ರ ಜನವರಿಯಲ್ಲಿ ಆ ದ್ವೀಪಕ್ಕೆ ಹೋಗಿ ಹದಿನಾರು ದಿನ ಇದ್ದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸಿದ ನನಗೆ ಆ ಹದಿನಾರು ದಿನಗಳು ಹೇಗೆ ಪಾಠವಾದವು ಎಂಬುದನ್ನು ಈ ಸಂಜೆ ತಮ್ಮ ಮುಂದಿಡುತ್ತೇನೆ.

ಕೆರಿಬಿಯನ್ ದ್ವೀಪಗಳಿಗೆ ಹೋಗುವವರ ದಿನಚರಿ ಸಾಮಾನ್ಯವಾಗಿ ಎರಡು ಪಾಲಾಗಿರುತ್ತದೆ. ಬೆಳಿಗ್ಗೆ ಕಡಲತೀರ, ಮಧ್ಯಾಹ್ನ ಒಂದೆರಡು ಹಳೆಯ ಕಟ್ಟಡ, ಸಂಜೆ ಮತ್ತೆ ಕಡಲತೀರ. ತೀರ ವಿಶ್ರಾಂತಿಗೆ, ಕಟ್ಟಡ ತಿಳಿವಳಿಕೆಗೆ ಎಂಬ ಹಂಚಿಕೆ ಅದು. ನಾನೂ ಹಾಗೆಯೇ ಹೊರಟವನು. ಮೂರನೆಯ ದಿನದ ಹೊತ್ತಿಗೆ ಆ ಹಂಚಿಕೆ ಬಾರ್ಬಡೋಸ್‌ಗೆ ಹೊಂದುವುದಿಲ್ಲ ಎಂಬುದು ಮನದಟ್ಟಾಯಿತು. ಅಲ್ಲಿನ ಮರಳೂ ಕೋಟೆಯ ಗೋಡೆಯೂ ಒಂದೇ ಪದಾರ್ಥದಿಂದ ಆದವು; ಇವತ್ತು ಜನ ಈಜುವ ಕೊಲ್ಲಿಯಲ್ಲೇ ಗುಲಾಮರ ಹಡಗುಗಳು ಲಂಗರು ಹಾಕಿದವು; ಮತ್ತು ದ್ವೀಪದ ಅತಿ ಮುಖ್ಯವಾದ ಚಾರಿತ್ರಿಕ ಸ್ಥಳದಲ್ಲಿ ನಾನು ಹೋದಾಗ ಕಣ್ಣಿಗೆ ಕಾಣುವ ಕಟ್ಟಡವೇ ಇರಲಿಲ್ಲ, ಒಂದು ಹುಲ್ಲಿನ ಬಯಲು ಮಾತ್ರ ಇತ್ತು. ಆ ಬಯಲನ್ನು ನೋಡದೆ ಮರಳನ್ನು ಮಾತ್ರ ನೋಡಿ ಬಂದವರು ಬಾರ್ಬಡೋಸ್ ನೋಡಿದ್ದೇವೆ ಎನ್ನಲಾರರು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕಲ್ಲಿನಿಂದಲೇ ಆರಂಭಿಸುತ್ತೇನೆ. ದ್ವೀಪ ಬಹಳ ಚಿಕ್ಕದು. ಉದ್ದ ಸುಮಾರು 34 ಕಿಲೋಮೀಟರ್, ಅಗಲ 23 ಕಿಲೋಮೀಟರ್, ವಿಸ್ತೀರ್ಣ ಸುಮಾರು 430 ಚದರ ಕಿಲೋಮೀಟರ್. ನಮ್ಮ ಕಡೆಯ ಒಂದು ತಾಲ್ಲೂಕಿನಷ್ಟೂ ಆಗಲಾರದು. ಪಕ್ಕದ ಸೇಂಟ್ ಲೂಸಿಯಾ, ಸೇಂಟ್ ವಿನ್ಸೆಂಟ್ ದ್ವೀಪಗಳು ಜ್ವಾಲಾಮುಖಿಯಿಂದ ಹುಟ್ಟಿದವು. ಬಾರ್ಬಡೋಸ್ ಹಾಗಲ್ಲ. ಭೂಪದರಗಳು ಒಂದರ ಕೆಳಗೊಂದು ನುಗ್ಗುವಾಗ ಕಡಲತಳದ ಹೂಳು ಒತ್ತೊತ್ತಾಗಿ ಮೇಲೆದ್ದು, ಅದರ ಮೇಲೆ ಹವಳ ಬೆಳೆದು, ಆ ಹವಳವೇ ಸುಣ್ಣಕಲ್ಲಾಗಿ ಮೇಲೇರಿದ ನೆಲ ಅದು. ದ್ವೀಪದ ಸುಮಾರು ಶೇಕಡಾ 85ರಷ್ಟು ಭಾಗದ ಮೇಲೆ ಈ ಹವಳದ ಹೊದಿಕೆ ಇದೆ. ಮಳೆನೀರು ಈ ಕಲ್ಲಿನ ಸಂದುಗಳಲ್ಲಿ ಇಳಿದು ಸೋಸಿಕೊಂಡು ಕೆಳಗೆ ಸಂಗ್ರಹವಾಗುತ್ತದೆ. ಪಶ್ಚಿಮ ತೀರದ ಬಿಳಿಮರಳು ಇದೇ ಹವಳದ ಪುಡಿ. ಗಿಳಿಮೀನುಗಳು ಹವಳವನ್ನು ಕಚ್ಚಿ ಅರೆದು ಹೊರಹಾಕಿದ ಕಣಗಳೂ ಅದರಲ್ಲಿ ಸೇರಿವೆ. ಇದೇ ಕಲ್ಲನ್ನು ಗರಗಸದಿಂದ ಕೊಯ್ದು ಇಗರ್ಜಿ, ಕೋಟೆ, ಬಂಗಲೆ, ಗಾಳಿಗಾಣಗಳ ಗೋಡೆ ಕಟ್ಟಿದರು. ಕರಾವಳಿಯವರಾದ ತಮಗೆ ಮುರಕಲ್ಲಿನ ಗುಣ ಗೊತ್ತು. ನೆಲದಿಂದ ಕೊಯ್ಯುವಾಗ ಮೆತ್ತಗಿರುತ್ತದೆ, ಗಾಳಿಬಿಸಿಲಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಹವಳದ ಕಲ್ಲೂ ಹಾಗೆಯೇ. ಬ್ರಿಜ್‌ಟೌನಿನ ಒಂದು ಹಳೆಯ ಗೋಡೆಯ ಹತ್ತಿರ ಮುಖವಿಟ್ಟು ನೋಡಿದಾಗ ಕಲ್ಲಿನೊಳಗೆ ಹವಳದ ಕವಲುಗಳು, ಬೆರಳುಗುರಿನಷ್ಟು ಚಿಪ್ಪುಗಳು ಹಾಗೆಯೇ ಅಚ್ಚಾಗಿ ನಿಂತಿದ್ದವು. ಅಂಗೈಯಿಂದ ಉಜ್ಜಿದರೆ ಬಿಳಿ ಹುಡಿ ಅಂಟಿಕೊಂಡಿತು. ಅದೇ ಹುಡಿ ಅರ್ಧ ಕಿಲೋಮೀಟರ್ ದೂರದ ದಂಡೆಯಲ್ಲಿ ಮರಳಾಗಿ ಬಿದ್ದಿತ್ತು.

ಆ ದಂಡೆ ಕಾರ್ಲೈಲ್ ಕೊಲ್ಲಿಯದು. ಅಲ್ಲಿಗೆ ಹೋಗಬೇಕಾದದ್ದು ಸೂರ್ಯೋದಯಕ್ಕೆ ಮುಂಚೆ. ಮಬ್ಬುಬೆಳಕಿನಲ್ಲಿ ಗ್ಯಾರಿಸನ್ ಸವಾನ್ನಾ ಮೈದಾನದ ಕಡೆಯಿಂದ ರೇಸಿನ ಕುದುರೆಗಳನ್ನು ಮೈ ತೊಳೆಯಲು ನೀರಿಗೆ ಇಳಿಸುತ್ತಾರೆ. ಆಳಿಗೆ ಎದೆಮಟ್ಟದ ನೀರು ಬಂದಾಗ ಕುದುರೆಯ ಕತ್ತು ಮತ್ತು ಅರಳಿದ ಮೂಗಿನ ಹೊಳ್ಳೆಗಳು ಮಾತ್ರ ಮೇಲೆ ಕಾಣುತ್ತವೆ. ಅದರ ಉಸಿರಿನ ಸದ್ದು ದಡಕ್ಕೆ ಸ್ಪಷ್ಟವಾಗಿ ಕೇಳಿಸುತ್ತದೆ. ಕುದುರೆಗಳು ಹೋದ ಮೇಲೆ ಊರಿನ ಹಿರಿಯರು ಬರುತ್ತಾರೆ. ಅವರಲ್ಲಿ ಹೆಚ್ಚಿನವರು ಈಜುವುದಿಲ್ಲ. ಕುತ್ತಿಗೆಮಟ್ಟದ ನೀರಿನಲ್ಲಿ, ತಲೆಗೆ ಟೋಪಿ ಹಾಕಿಕೊಂಡು, ಗುಂಪಾಗಿ ನಿಂತು ಗಂಟೆಗಟ್ಟಲೆ ಮಾತನಾಡುತ್ತಾರೆ. ಭಾನುವಾರದ ಈ ಸಮುದ್ರಸ್ನಾನ ಅವರಿಗೆ ವಾರದ ವಾಡಿಕೆ. ನಾನು ಮೊಣಕಾಲಿನ ನೀರಿನಲ್ಲಿ ಅನುಮಾನಿಸುತ್ತ ನಿಂತದ್ದನ್ನು ಕಂಡು ಎಪ್ಪತ್ತು ದಾಟಿದ ಒಬ್ಬ ಅಜ್ಜಿ, "ಬಾ ಮಗಾ, ಈ ನೀರು ಯಾರನ್ನೂ ಬೈಯುವುದಿಲ್ಲ" ಎಂಬರ್ಥದ ಮಾತನ್ನು ತಮ್ಮ ಬೇಜನ್ ಆಡುಮಾತಿನಲ್ಲಿ ಹೇಳಿ ಕೈಬೀಸಿ ಕರೆದರು. ಆ ದ್ವೀಪದವರು ತಮ್ಮನ್ನು ತಾವು ಬೇಜನ್ ಎಂದೇ ಕರೆದುಕೊಳ್ಳುತ್ತಾರೆ.

ಇದೇ ಕೊಲ್ಲಿಯ ಬೆನ್ನಿಗೆ ಗ್ಯಾರಿಸನ್ ಇದೆ. ಬ್ರಿಟಿಷರು ತಮ್ಮ ಕೆರಿಬಿಯನ್ ಸೇನೆಯನ್ನು ಇಟ್ಟಿದ್ದ ದೊಡ್ಡ ದಂಡುಪ್ರದೇಶ ಅದು. ಹಳೆಯ ಬ್ರಿಜ್‌ಟೌನ್ ಮತ್ತು ಅದರ ಗ್ಯಾರಿಸನ್ 2011ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಕೆಂಪು ಬಣ್ಣದ ಮೇನ್ ಗಾರ್ಡ್ ಕಟ್ಟಡ, ಅದರ ಗಡಿಯಾರ ಗೋಪುರ, ಸಾಲಾಗಿ ಇಟ್ಟಿರುವ ಕಬ್ಬಿಣದ ಫಿರಂಗಿಗಳು, ಹಳೆಯ ಸೇನಾ ಸೆರೆಮನೆಯಲ್ಲಿ ನಡೆಯುತ್ತಿರುವ ಬಾರ್ಬಡೋಸ್ ಸಂಗ್ರಹಾಲಯ, ಇವೆಲ್ಲ ಒಂದು ಮೈದಾನದ ಸುತ್ತ ನಡೆದು ನೋಡಬಹುದಾದಷ್ಟು ಹತ್ತಿರ ಹತ್ತಿರ ಇವೆ. 1751ರಲ್ಲಿ ಹತ್ತೊಂಬತ್ತು ವರ್ಷದ ಜಾರ್ಜ್ ವಾಷಿಂಗ್ಟನ್ ಕ್ಷಯದಿಂದ ನರಳುತ್ತಿದ್ದ ಅಣ್ಣ ಲಾರೆನ್ಸ್‌ನ ಜೊತೆ ಇಲ್ಲಿಗೆ ಬಂದು ಸುಮಾರು ಎರಡು ತಿಂಗಳು ಇದ್ದ. ಅಮೆರಿಕದ ಮುಖ್ಯ ಭೂಭಾಗ ಬಿಟ್ಟು ಆತ ಕಾಲಿಟ್ಟ ಹೊರನಾಡು ಇದೊಂದೇ. ಇಲ್ಲಿ ಅವನಿಗೆ ಸಿಡುಬು ತಗುಲಿತು. ಬದುಕುಳಿದದ್ದರಿಂದ ಮುಂದೆ ಯುದ್ಧಕಾಲದಲ್ಲಿ ಆ ರೋಗ ಅವನ ಸೇನೆಯಲ್ಲಿ ಹಬ್ಬಿದಾಗ ಅವನು ಸುರಕ್ಷಿತವಾಗಿದ್ದ. ಆತ ಉಳಿದ ಮನೆಯನ್ನು ಚೆನ್ನಾಗಿ ಕಾಪಾಡಿದ್ದಾರೆ. ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು ಆ ಮನೆಗಿಂತ ಎದುರಿನ ಮೈದಾನ. 1966ರ ನವೆಂಬರ್ 30ರಂದು ಬ್ರಿಟನ್ನಿನ ಬಾವುಟ ಇಳಿದು ಮುರಿದ ತ್ರಿಶೂಲದ ಚಿಹ್ನೆಯಿರುವ ಬಾರ್ಬಡೋಸ್ ಬಾವುಟ ಏರಿದ್ದು ಅಲ್ಲಿ.

ಬ್ರಿಜ್‌ಟೌನಿನ ಪೇಟೆಯಲ್ಲಿ ಮೂರು ಜಾಗಗಳಲ್ಲಿ ನಿಲ್ಲಬೇಕು. ಒಂದು, ಕರೀನೇಜ್ ಎಂಬ ಒಳಬಂದರು. ಹಾಯಿಹಡಗುಗಳನ್ನು ಒಂದು ಮಗ್ಗುಲಿಗೆ ವಾಲಿಸಿ ತಳಕ್ಕೆ ಅಂಟಿದ ಚಿಪ್ಪುಗಳನ್ನು ಹೆರೆದು ತೆಗೆಯುತ್ತಿದ್ದ ಕೆಲಸದಿಂದಲೇ ಅದಕ್ಕೆ ಆ ಹೆಸರು ಬಂತು. ಇನ್ನೊಂದು, ನಿಧೆ ಇಸ್ರೇಲ್ ಎಂಬ ಯಹೂದಿ ಮಂದಿರ. ಬ್ರೆಜಿಲ್‌ನ ರೆಸಿಫೆ ಪಟ್ಟಣ ಡಚ್ಚರ ಕೈತಪ್ಪಿ ಪೋರ್ಚುಗೀಸರ ವಶವಾದಾಗ ಅಲ್ಲಿಂದ ಹೊರಬಿದ್ದ ಯಹೂದಿಗಳು 1654ರಲ್ಲಿ ಅದನ್ನು ಕಟ್ಟಿದರು. 1831ರ ಚಂಡಮಾರುತದಲ್ಲಿ ಬಿದ್ದುಹೋಗಿ 1833ರಲ್ಲಿ ಮತ್ತೆ ಎದ್ದಿತು. 2008ರಲ್ಲಿ ಅದರ ಅಂಗಳ ಅಗೆದಾಗ ಶುದ್ಧಿಸ್ನಾನದ ಹಳೆಯ ಕೊಳವೊಂದು ಸಿಕ್ಕಿತು; ಮೂರೂವರೆ ಶತಮಾನದ ಹಿಂದಿನ ಮೆಟ್ಟಿಲುಗಳ ಬುಡದಲ್ಲಿ ಇವತ್ತಿಗೂ ಒರತೆಯ ನೀರಿದೆ. ಮೂರನೆಯದು ಪಾರ್ಲಿಮೆಂಟ್ ಭವನದ ಎದುರಿನ ಚೌಕ. 1813ರಲ್ಲಿ ಅಲ್ಲಿ ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ನೆಲ್ಸನ್‌ನ ಕಂಚಿನ ಪ್ರತಿಮೆ ನಿಲ್ಲಿಸಿದ್ದರು. ಲಂಡನ್ನಿನ ನೆಲ್ಸನ್ ಸ್ತಂಭಕ್ಕಿಂತಲೂ ಅದು ಹಳೆಯದು. ಚೌಕದ ಹೆಸರು ಟ್ರಫಾಲ್ಗರ್ ಎಂದಿದ್ದುದನ್ನು 1999ರಲ್ಲಿ ರಾಷ್ಟ್ರವೀರರ ಚೌಕ ಎಂದು ಬದಲಿಸಿದರು. 2020ರ ನವೆಂಬರ್ 16ರಂದು ಪ್ರತಿಮೆಯನ್ನೂ ಇಳಿಸಿದರು. ಮರುವರ್ಷ ನವೆಂಬರ್ 30ರ ನಡುರಾತ್ರಿ ಅದೇ ಚೌಕದಲ್ಲಿ ಬಾರ್ಬಡೋಸ್ ಗಣರಾಜ್ಯವಾಯಿತು. ಸಾಂಡ್ರಾ ಮೇಸನ್ ಮೊದಲ ರಾಷ್ಟ್ರಾಧ್ಯಕ್ಷೆಯಾದರು. ನಾನು ಹೋದಾಗ ಹಣ್ಣು ಮಾರುತ್ತಿದ್ದ ಮಹಿಳೆಯೊಬ್ಬರನ್ನು, ಪ್ರತಿಮೆ ಎಲ್ಲಿತ್ತು ಎಂದು ಕೇಳಿದೆ. ಅವರು ಮಾತಿಲ್ಲದೆ ಗಲ್ಲವನ್ನೆತ್ತಿ ಆ ಕಡೆ ತೋರಿಸಿ, ಮತ್ತೆ ಹಣ್ಣು ತೂಗುವುದರಲ್ಲಿ ತೊಡಗಿದರು.

ಇಲ್ಲಿಂದ ಉತ್ತರಕ್ಕೆ ಪಶ್ಚಿಮ ತೀರ. ಪೇನ್ಸ್ ಬೇ, ಹೋಲ್‌ಟೌನ್, ಮಲ್ಲಿನ್ಸ್, ಹೀಗೆ ಸಾಲುಸಾಲು ದಂಡೆಗಳು; ನೀರು ಕೆರೆಯಷ್ಟು ಶಾಂತ. ಹೋಲ್‌ಟೌನಿನಲ್ಲಿ ರಸ್ತೆಬದಿಗೆ ಒಂದು ಚಿಕ್ಕ ಸ್ಮಾರಕಸ್ತಂಭವಿದೆ. ಇಂಗ್ಲಿಷರು ಮೊದಲು ಈ ನೆಲವನ್ನು ತಮ್ಮ ರಾಜನ ಹೆಸರಿನಲ್ಲಿ ವಶಕ್ಕೆ ತೆಗೆದುಕೊಂಡದ್ದು 1605ರಲ್ಲಿ ಎಂದು ಅದರ ಮೇಲೆ ಕೆತ್ತಿದ್ದಾರೆ. ನಿಜವಾದ ವರ್ಷ 1625. ಇಪ್ಪತ್ತು ವರ್ಷದ ತಪ್ಪು ಕಲ್ಲಿನಲ್ಲಿ ಹಾಗೆಯೇ ಉಳಿದಿದೆ. ಶಾಸನವೆಂದರೆ ಸತ್ಯ ಎಂದು ಮಕ್ಕಳಿಗೆ ಕಲಿಸಿದ ನನ್ನಂಥವರು ಒಮ್ಮೆ ಅದರ ಮುಂದೆ ನಿಲ್ಲಬೇಕು. 1627ರ ಫೆಬ್ರವರಿ 17ರಂದು ಇದೇ ದಡಕ್ಕೆ ಮೊದಲ ವಲಸಿಗರ ಹಡಗು ಬಂತು. ಸುಮಾರು ಎಂಬತ್ತು ಇಂಗ್ಲಿಷರು ಇಳಿದರು, ಅವರ ಜೊತೆ ಹತ್ತು ಮಂದಿ ಗುಲಾಮರೂ ಇಳಿದರು. ದ್ವೀಪದ ವಸಾಹತು ಚರಿತ್ರೆಯಲ್ಲಿ ಗುಲಾಮಗಿರಿಯಿಲ್ಲದ ಒಂದು ದಿನವೂ ಮೊದಲಲ್ಲಿ ಇರಲಿಲ್ಲ ಎಂಬುದನ್ನು ಆ ಎಣಿಕೆಯೇ ಹೇಳುತ್ತದೆ.

ಈ ತೀರದ ಇನ್ನೊಂದು ವಿಷಯವನ್ನು ಕಡಲತೀರದ ನಾವು ಗಮನವಿಟ್ಟು ಕೇಳಬೇಕು. ಬಾರ್ಬಡೋಸ್‌ನಲ್ಲಿ ಯಾವ ದಂಡೆಯೂ ಖಾಸಗಿಯಲ್ಲ. ಉಬ್ಬರದ ನೀರು ತಾಗುವ ಗೆರೆಯವರೆಗಿನ ಮರಳು ಎಲ್ಲರದು. ಐಷಾರಾಮಿ ಹೋಟೆಲಿನ ಮುಂದೆಯೂ ಯಾರು ಬೇಕಾದರೂ ಚಾಪೆ ಹಾಸಿ ಕೂರಬಹುದು. ಕಷ್ಟವಿರುವುದು ರಸ್ತೆಯಿಂದ ಆ ಮರಳನ್ನು ತಲುಪುವುದರಲ್ಲಿ. ಎತ್ತರದ ಗೋಡೆಗಳ ನಡುವೆ ಇಬ್ಬರು ಎದುರಾದರೆ ಒಬ್ಬರು ಮೈ ಓರೆ ಮಾಡಬೇಕಾದಷ್ಟು ಸಣ್ಣ ಓಣಿಗಳು ಉಳಿದಿವೆ. ರಸ್ತೆಯಿಂದಲೇ ನೀರು ಕಾಣಿಸುತ್ತಿದ್ದ ತೆರಪುಗಳನ್ನು ಅಲ್ಲಿಯವರು ಕಡಲಿನ ಕಿಟಕಿಗಳು ಎನ್ನುತ್ತಾರೆ, ಅವು ಒಂದೊಂದಾಗಿ ಮುಚ್ಚುತ್ತಿರುವುದರ ಬಗ್ಗೆ ಅವರಿಗೆ ತೀವ್ರವಾದ ನೋವಿದೆ. ಹಕ್ಕು ಕಾನೂನಿನಲ್ಲಿದ್ದರೂ ದಾರಿ ಇಲ್ಲದಿದ್ದರೆ ಅಜ್ಜಿ ಸಮುದ್ರಸ್ನಾನಕ್ಕೆ ಹೋಗುವುದು ಹೇಗೆ? ದಕ್ಷಿಣ ತೀರದಲ್ಲಿ ಹೇಸ್ಟಿಂಗ್ಸ್‌ನಿಂದ ರಾಕ್ಲಿಯ ಕಡೆಗೆ ಹೋಗುವ ನಡಿಗೆಯ ದಾರಿಯನ್ನು ಕಂಡಾಗ ನನಗೆ ಸಮಾಧಾನವಾಯಿತು. ಕಡಲ್ಕೊರೆತ ತಡೆಯಲು ಹಾಕಿದ ಕಲ್ಲಿನ ಬೆನ್ನಿಗೇ ಜನ ಓಡಾಡುವ ಹಾದಿ ಮಾಡಿದ್ದಾರೆ. ಸಂಜೆ ಅಲ್ಲಿ ಊರಿಗೆ ಊರೇ ನಡೆಯುತ್ತಿರುತ್ತದೆ. ನಮ್ಮ ಕರಾವಳಿಯಲ್ಲಿ ಕಡಲ್ಕೊರೆತಕ್ಕೆಂದು ಸುರಿದ ಬಂಡೆಗಳನ್ನು ದಾಟಿ ನೀರಿಗಿಳಿಯಲು ಹಿರಿಯರು ಪಡುವ ಪಾಡನ್ನು ಬಲ್ಲವನಾದ್ದರಿಂದ ಇದನ್ನು ಹೇಳುತ್ತಿದ್ದೇನೆ.

ದಂಡೆಯ ಮಾತು ಮುಗಿಸುವ ಮುನ್ನ ಒಂದು ಎಚ್ಚರಿಕೆ. ಅಲ್ಲಿನ ಕೆಲವು ಮರಗಳ ಬೊಡ್ಡೆಗೆ ಕೆಂಪು ಪಟ್ಟಿ ಬಳಿದಿರುತ್ತಾರೆ. ಅದು ಮಂಚಿನೀಲ್ ಮರ; ಪುಟ್ಟ ಹಸಿರು ಸೇಬಿನಂಥ ಅದರ ಹಣ್ಣು ವಿಷ, ಹಾಲು ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ, ಮಳೆ ಬರುವಾಗ ಅದರ ಕೆಳಗೆ ನಿಲ್ಲಲೂಬಾರದು.

ಇನ್ನು ಕಬ್ಬು. 1640ರ ದಶಕದಲ್ಲಿ ಬ್ರೆಜಿಲ್‌ನಿಂದ ಕಬ್ಬಿನ ಸಕ್ಕರೆ ತಯಾರಿಸುವ ವಿದ್ಯೆ ಇಲ್ಲಿಗೆ ಬಂದ ಮೇಲೆ ಒಂದು ತಲೆಮಾರಿನೊಳಗೆ ಕಾಡೆಲ್ಲ ಮಾಯವಾಗಿ ದ್ವೀಪ ಕಬ್ಬಿನ ಎಸ್ಟೇಟುಗಳ ಹೊದಿಕೆಯಾಯಿತು. ಉತ್ತರದ ಸೇಂಟ್ ನಿಕೋಲಸ್ ಅಬಿ ಎಂಬ ಎಸ್ಟೇಟ್ ಬಂಗಲೆಯನ್ನು 1658ರ ಸುಮಾರಿಗೆ ಕಟ್ಟಿದರು. ಹೆಸರಿನಲ್ಲಿ ಅಬಿ ಇದ್ದರೂ ಅದು ಎಂದೂ ಮಠವಾಗಿರಲಿಲ್ಲ. ಇಂಗ್ಲೆಂಡಿನ ಮನೆಯ ನಕ್ಷೆಯನ್ನೇ ತಂದು ಕಟ್ಟಿದ್ದರಿಂದಲೋ ಏನೋ, ವರ್ಷವಿಡೀ ಬೆವರುವ ನಾಡಿನಲ್ಲಿ ಮಲಗುವ ಕೋಣೆಗಳಿಗೆ ಬೆಂಕಿಗೂಡುಗಳಿವೆ. ಅಲ್ಲಿ 1930ರ ದಶಕದ ಒಂದು ಹಳೆಯ ಚಲನಚಿತ್ರ ತೋರಿಸುತ್ತಾರೆ. ಗಾಳಿಗಾಣ ತಿರುಗುವುದು, ಹೆಂಗಸರು ತಲೆಯ ಮೇಲೆ ಕಬ್ಬಿನ ಹೊರೆ ಹೊತ್ತು ಸಾಗುವುದು ಅದರಲ್ಲಿದೆ. ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಮೋರ್ಗನ್ ಲೂಯಿಸ್ ಗಾಳಿಗಾಣ ನಿಂತಿದೆ. 1947ರವರೆಗೆ ಅದು ಕಬ್ಬು ಅರೆಯಿತು. ಒಂದು ಕಾಲದಲ್ಲಿ ದ್ವೀಪದಲ್ಲಿ ಇಂಥ ಗಾಣಗಳು ನೂರಾರು ಇದ್ದವು. ಈಗ ಯಂತ್ರಸಮೇತ ಉಳಿದಿರುವುದು ಇದೊಂದೇ, ಮಿಕ್ಕವು ರೆಕ್ಕೆಯಿಲ್ಲದ ಕಲ್ಲಿನ ಮೋಟುಗೋಪುರಗಳಾಗಿ ಹೊಲಗಳ ನಡುವೆ ನಿಂತಿವೆ.

ಮಂಡ್ಯದ ಕಡೆಯ ಆಲೆಮನೆ ನೋಡಿದವರಿಗೆ ಆ ಗಾಣದ ಒಳಗು ಪರಿಚಿತವೇ. ಗಾಣದ ಉರುಳೆಗಳು, ಕಬ್ಬಿನ ಹಾಲು ಹರಿಯುವ ದೋಣಿ, ಸಾಲಾಗಿ ಕೂರಿಸಿದ ಕೊಪ್ಪರಿಗೆಗಳು, ಒಲೆಗೆ ಒಣಗಿದ ಸಿಪ್ಪೆ. ವ್ಯತ್ಯಾಸ ಇರುವುದು ದುಡಿದವರ ಸ್ಥಿತಿಯಲ್ಲಿ. ಸುಗ್ಗಿಯ ಕಾಲದಲ್ಲಿ ರಾತ್ರಿಯಿಡೀ ಗಾಣ ನಿಲ್ಲುತ್ತಿರಲಿಲ್ಲ. ನಿದ್ದೆಗಣ್ಣಿನಲ್ಲಿ ಕಬ್ಬು ಕೊಡುವವರ ಬೆರಳು ಉರುಳೆಗೆ ಸಿಕ್ಕಿದರೆ ತೋಳನ್ನೇ ಕಡಿಯಲು ಒಂದು ಮಚ್ಚನ್ನು ಪಕ್ಕದಲ್ಲಿ ಇಟ್ಟಿರುತ್ತಿದ್ದರೆಂದು ಕೆರಿಬಿಯನ್ ಗಾಣಗಳ ಬಗೆಗಿನ ಹಳೆಯ ಬರಹಗಳು ಹೇಳುತ್ತವೆ. 1661ರಲ್ಲಿ ಬಾರ್ಬಡೋಸ್ ಶಾಸನಸಭೆ ಗುಲಾಮರನ್ನು ಮಾಲೀಕನ ಸ್ವತ್ತು ಎಂದು ಕಾಣುವ ಸಂಹಿತೆಯೊಂದನ್ನು ಮಾಡಿತು. ಜಮೈಕಾ, ದಕ್ಷಿಣ ಕೆರೊಲಿನಾಗಳ ಕಾನೂನುಗಳಿಗೆ ಅದೇ ಮಾದರಿಯಾಯಿತು.

ಕಬ್ಬಿನ ವಿಷಯದಲ್ಲಿ ನಮಗೂ ಈ ದ್ವೀಪಕ್ಕೂ ಒಂದು ನಿಜವಾದ ನಂಟಿದೆ. ಕಬ್ಬು ಬೀಜದಿಂದ ಬೆಳೆಯುವುದಿಲ್ಲ, ತುಂಡಿನಿಂದಲೇ ನೆಡಬೇಕು ಎಂದು ಬಹುಕಾಲ ನಂಬಿದ್ದರು. 1888ರಲ್ಲಿ ಬಾರ್ಬಡೋಸ್‌ನಲ್ಲಿ ಹ್ಯಾರಿಸನ್ ಮತ್ತು ಬೋವೆಲ್ ಎಂಬಿಬ್ಬರು ಕಬ್ಬಿನ ಬೀಜ ಮೊಳೆಯುತ್ತದೆ ಎಂಬುದನ್ನು ತೋರಿಸಿಕೊಟ್ಟರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಜಾವಾದಲ್ಲೂ ಅದು ಗೊತ್ತಾಗಿತ್ತು. ಬೀಜದಿಂದ ಹೊಸ ತಳಿ ಮಾಡುವ ದಾರಿ ಹೀಗೆ ತೆರೆಯಿತು. 1912ರಲ್ಲಿ ಕೊಯಮತ್ತೂರಿನಲ್ಲಿ ಆರಂಭವಾದ ಕಬ್ಬಿನ ತಳಿ ಸಂಶೋಧನಾ ಕೇಂದ್ರ ನಡೆದದ್ದು ಆ ದಾರಿಯಲ್ಲೇ. ಮಂಡ್ಯದ ರೈತ ಇವತ್ತು ನೆಡುವ ಕೋ 62175, ಕೋ 86032 ಎಂಬ ತಳಿಗಳ ಹೆಸರಿನಲ್ಲಿರುವ 'ಕೋ' ಕೊಯಮತ್ತೂರಿನದು.

ದ್ವೀಪದ ನಡುಭಾಗದಲ್ಲಿ ಗನ್ ಹಿಲ್ ಎಂಬ ಗುಡ್ಡವಿದೆ. ಅಲ್ಲಿನ ಸಂಕೇತ ಗೋಪುರವನ್ನು ನೋಡಲು ಬರುವವರು ದಕ್ಷಿಣದ ಬಯಲೆಲ್ಲ ಒಂದೇ ನೋಟಕ್ಕೆ ಕಾಣುವ ಚೆಲುವನ್ನು ಹೊಗಳುತ್ತಾರೆ. ಆ ನೋಟ ಚೆಲುವಿಗಾಗಿ ಆರಿಸಿದ್ದಲ್ಲ. 1816ರ ಏಪ್ರಿಲ್ 14ರ ಈಸ್ಟರ್ ಭಾನುವಾರ ರಾತ್ರಿ ಸೇಂಟ್ ಫಿಲಿಪ್ ಪ್ರಾಂತದ ಬೇಲಿಸ್ ಎಸ್ಟೇಟಿನ ಗುಲಾಮ ಬುಸ್ಸಾ ಮತ್ತು ಅವನ ಸಂಗಡಿಗರು ಬಂಡೆದ್ದರು. ಲಂಡನ್ನಿನಲ್ಲಿ ಬಿಡುಗಡೆ ಕೊಟ್ಟಾಗಿದೆ, ಇಲ್ಲಿಯ ಮಾಲೀಕರು ಅದನ್ನು ಬಚ್ಚಿಟ್ಟಿದ್ದಾರೆ ಎಂಬ ಸುದ್ದಿ ಹಬ್ಬಿತ್ತು. ಕಬ್ಬಿನ ಗದ್ದೆಗಳಿಗೆ ಬೆಂಕಿಯಿಟ್ಟು ಒಂದು ಎಸ್ಟೇಟಿನಿಂದ ಇನ್ನೊಂದಕ್ಕೆ ಸಂಕೇತ ಕೊಟ್ಟರು. ಕೆಲವೇ ದಿನಗಳಲ್ಲಿ ಸೇನೆ ಅದನ್ನು ಅಡಗಿಸಿತು. ಬುಸ್ಸಾ ಕಾದಾಟದಲ್ಲೇ ಸತ್ತ, ನೂರಾರು ಮಂದಿಯನ್ನು ಕೊಂದರು. ಮತ್ತೊಮ್ಮೆ ಇಂಥದು ಕಂಡರೆ ಗ್ಯಾರಿಸನ್ನಿಗೆ ಕ್ಷಣಮಾತ್ರದಲ್ಲಿ ಸುದ್ದಿ ಮುಟ್ಟಲೆಂದು ಗುಡ್ಡಗಳ ಮೇಲೆ ಸಂಕೇತ ಗೋಪುರಗಳನ್ನು ಕಟ್ಟಿದರು. ಗನ್ ಹಿಲ್‌ನದು 1818ರದು. ಅದರ ಕೆಳಗೆ 1868ರಲ್ಲಿ ಒಬ್ಬ ಸೇನಾಧಿಕಾರಿ ಹವಳದ ಬಂಡೆಯಲ್ಲಿ ಕಡೆಸಿದ ಬಿಳಿಯ ಸಿಂಹವೊಂದಿದೆ. ಅದರ ಮುಂಗಾಲಿನಡಿ ಕೆಂಪು ಬಣ್ಣದ ಭೂಗೋಳ. ಗುಡ್ಡ ಇಳಿದು ಹೆದ್ದಾರಿಗೆ ಬಂದರೆ ವೃತ್ತವೊಂದರ ನಡುವೆ ಶಿಲ್ಪಿ ಕಾರ್ಲ್ ಬ್ರಾಡ್‌ಹೇಗನ್ 1985ರಲ್ಲಿ ಮಾಡಿದ ವಿಮೋಚನೆಯ ಪ್ರತಿಮೆ ಇದೆ. ಎರಡೂ ಕೈ ಮೇಲೆತ್ತಿದ ಆಳು, ಮಣಿಕಟ್ಟಿನಿಂದ ಜೋತ ತುಂಡಾದ ಸರಪಣಿ. ಜನ ಅದನ್ನು ಬುಸ್ಸಾ ಎಂದೇ ಕರೆಯುತ್ತಾರೆ. ಒಂದೇ ದಿನದಲ್ಲಿ ಆ ಸಿಂಹವನ್ನೂ ಈ ಮನುಷ್ಯನನ್ನೂ ನೋಡಬೇಕೆಂದು ನಾನು ಹೋಗುವವರಿಗೆಲ್ಲ ಹೇಳುತ್ತೇನೆ. 1834ರ ಆಗಸ್ಟ್ 1ರಂದು ಗುಲಾಮಗಿರಿ ಕಾನೂನಿನ ಪ್ರಕಾರ ಕೊನೆಗೊಂಡಿತು. ಪೂರ್ಣ ಬಿಡುಗಡೆಗೆ 1838ರವರೆಗೆ ಕಾಯಬೇಕಾಯಿತು. ಬ್ರಿಟಿಷ್ ಸರ್ಕಾರ ತನ್ನ ಸಾಮ್ರಾಜ್ಯದ ಗುಲಾಮರ ಮಾಲೀಕರಿಗೆ ಎರಡು ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ದುಡಿದವರಿಗೆ ಒಂದು ಕಾಸೂ ಸಿಗಲಿಲ್ಲ.

ಈಗ ನಾನು ಮೊದಲೇ ಹೇಳಿದ ಆ ಬಯಲಿಗೆ ಬರುತ್ತೇನೆ. ಕ್ರೈಸ್ಟ್ ಚರ್ಚ್ ಪ್ರಾಂತದಲ್ಲಿ ನ್ಯೂಟನ್ ಎಂಬ ಹಳೆಯ ಎಸ್ಟೇಟ್. ಕಬ್ಬಿನ ಗದ್ದೆಯ ಅಂಚಿನ ಮಣ್ಣುದಾರಿಯಲ್ಲಿ ನಡೆದರೆ ಸ್ವಲ್ಪ ಇಳಿಜಾರಾದ ಒಂದು ಹುಲ್ಲುನೆಲ ಎದುರಾಗುತ್ತದೆ. ಮಣ್ಣು ತೆಳು, ಅಲ್ಲಲ್ಲಿ ಹವಳದ ಕಲ್ಲು ಎದ್ದು ಕಾಣುತ್ತದೆ. ಕಬ್ಬು ಬೆಳೆಯಲು ಬಾರದ ನೆಲವಾದ್ದರಿಂದಲೇ ಅದನ್ನು ಸತ್ತ ಗುಲಾಮರಿಗೆ ಬಿಟ್ಟುಕೊಟ್ಟಿದ್ದರು. ಸುಮಾರು 1660ರಿಂದ 1820ರವರೆಗೆ ಅಂದಾಜು 570 ಮಂದಿಯನ್ನು ಅಲ್ಲಿ ಮಣ್ಣು ಮಾಡಿದರು. ಒಂದು ತಲೆಗಲ್ಲಿಲ್ಲ, ಒಂದು ಹೆಸರಿಲ್ಲ. 1970ರ ದಶಕದ ಆರಂಭದಲ್ಲಿ ಜೆರೋಮ್ ಹ್ಯಾಂಡ್ಲರ್ ಮತ್ತು ಫ್ರೆಡರಿಕ್ ಲಾಂಗ್ ಎಂಬ ವಿದ್ವಾಂಸರು ಅಲ್ಲಿ ಉತ್ಖನನ ನಡೆಸಿದರು. ಹಲ್ಲುಗಳ ಮೇಲಿನ ಅಡ್ಡಗೆರೆಗಳು ಬಾಲ್ಯದಲ್ಲೇ ಹಸಿವು, ಕಾಯಿಲೆಗಳಿಂದ ಬೆಳವಣಿಗೆ ನಿಂತು ನಿಂತು ಸಾಗಿದ್ದನ್ನು ತೋರಿಸಿದವು. ಎಲುಬುಗಳಲ್ಲಿ ಸೀಸದ ಅಂಶ ಬಹಳ ಹೆಚ್ಚಿತ್ತು. ಸೀಸದ ಉಪಕರಣಗಳಲ್ಲಿ ಇಳಿಸಿದ ರಮ್ ಕುಡಿದದ್ದು ಅದಕ್ಕೆ ಕಾರಣವಿರಬೇಕೆಂದು ಅವರು ತೀರ್ಮಾನಿಸಿದರು.

ಅಲ್ಲಿ ಸಿಕ್ಕ ಒಬ್ಬ ವೃದ್ಧನ ಅಸ್ಥಿಯ ಜೊತೆ ಒಂದು ಹಾರವಿತ್ತು. ಜನ ಗೌರವಿಸುತ್ತಿದ್ದ ವೈದ್ಯನೋ ಕಣಿ ಹೇಳುವವನೋ ಆಗಿದ್ದಿರಬೇಕು ಎಂದು ಪುರಾತತ್ತ್ವಜ್ಞರು ಊಹಿಸುತ್ತಾರೆ. ಅವನನ್ನು ಅಷ್ಟು ಮರ್ಯಾದೆಯಿಂದ ಹೂಳಿದ್ದರು. ಆ ಹಾರದಲ್ಲಿ ತೂತು ಕೊರೆದ ನಾಯಿಯ ಕೋರೆಹಲ್ಲುಗಳು, ಮೀನಿನ ಬೆನ್ನೆಲುಬಿನ ಬಿಲ್ಲೆಗಳು, ಯುರೋಪಿನ ಗಾಜಿನ ಮಣಿಗಳು ಇದ್ದವು. ಕವಡೆಗಳೂ ಇದ್ದವು. ಅವುಗಳ ಜೊತೆಗೆ ಕಾರ್ನೀಲಿಯನ್ ಎಂಬ ಕೆಂಬಣ್ಣದ ಕಲ್ಲಿನ ದೊಡ್ಡದೊಂದು ಮಣಿ ಇತ್ತು. ಅದು ನಮ್ಮ ಗುಜರಾತಿನ ಖಂಭಾತ್‌ನಲ್ಲಿ ತಯಾರಾದದ್ದೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಸ್ವಲ್ಪ ಯೋಚಿಸಿ ನೋಡಿ. ಖಂಭಾತ್‌ನ ಕುಶಲಕರ್ಮಿಯೊಬ್ಬ ಕಲ್ಲನ್ನು ಸುಟ್ಟು, ಉಜ್ಜಿ, ತೂತು ಕೊರೆದ ಮಣಿ ಕಡಲು ದಾಟಿ ಆಫ್ರಿಕಾಕ್ಕೆ ಹೋಗಿ, ಅಲ್ಲಿಂದಲೋ ಯುರೋಪಿನ ವ್ಯಾಪಾರಿಗಳ ಕೈಯಿಂದಲೋ ಅಟ್ಲಾಂಟಿಕ್ ದಾಟಿ, ಹೆಸರಿಲ್ಲದ ಒಬ್ಬ ಗುಲಾಮನ ಕೊರಳಿನಲ್ಲಿ ಉಳಿಯಿತು. ಕವಡೆಯ ಕಥೆಯೂ ಅಂಥದೇ. ಹಿಂದೂ ಮಹಾಸಾಗರದ, ಅದರಲ್ಲೂ ಮಾಲ್ಡೀವ್ಸ್‌ನ ಕವಡೆಗಳು ಭಾರತದ ಬಂದರುಗಳ ಮೂಲಕ ಯುರೋಪಿಗೆ ಹೋಗಿ, ಪಶ್ಚಿಮ ಆಫ್ರಿಕಾದಲ್ಲಿ ನಾಣ್ಯವಾಗಿ ಚಲಾವಣೆಯಾಗಿ, ಮನುಷ್ಯರನ್ನು ಕೊಳ್ಳುವ ಬೆಲೆಯಾಗಿದ್ದವು. ಕವಡೆ ಕಿಮ್ಮತ್ತು ಎಂಬ ನಮ್ಮ ಮಾತನ್ನು ನಾನು ಸಾವಿರ ಸಲ ಆಡಿದ್ದೇನೆ. ಆ ಬಯಲಿನಿಂದ ಬಂದ ಮೇಲೆ ಅದನ್ನು ಆಡುವಾಗ ನಾಲಿಗೆ ತಡೆಯುತ್ತದೆ.

ಅಲ್ಲಿ ನಾನು ಒಂದು ಗಂಟೆ ಒಬ್ಬನೇ ಇದ್ದೆ. ಗಾಳಿಗೆ ಕಬ್ಬಿನ ಗರಿಗಳು ಉಜ್ಜಿಕೊಳ್ಳುವ ಸದ್ದು, ದೂರದ ವಾಹನಗಳ ಸದ್ದು. ಗಣರಾಜ್ಯವಾದ ಬೆನ್ನಿಗೇ, 2021ರ ಡಿಸೆಂಬರಿನಲ್ಲಿ, ಅಲ್ಲೊಂದು ಸ್ಮಾರಕ ಕಟ್ಟುವ ಯೋಜನೆಯನ್ನು ಸರ್ಕಾರ ಪ್ರಕಟಿಸಿತ್ತು. ಹೂಳಲ್ಪಟ್ಟ ಒಬ್ಬೊಬ್ಬರಿಗೆ ಒಂದೊಂದರಂತೆ 570 ಮರದ ಕಂಬಗಳು ಅದರ ವಿನ್ಯಾಸದಲ್ಲಿವೆ. ಅದು ಬೇಕು, ಬರಲಿ. ಆದರೂ ಬರಿಯ ಹುಲ್ಲನ್ನು ನೋಡಿದ ಆ ಗಂಟೆ ನನಗೆ ದೊರೆತದ್ದಕ್ಕೆ ನಾನು ಕೃತಜ್ಞ.

ನ್ಯೂಟನ್ನಿನಿಂದ ಮರುದಿನ ಪೂರ್ವ ತೀರದ ಬಾತ್‌ಶೀಬಾಕ್ಕೆ ಹೋದೆ. ಪಶ್ಚಿಮದ ಶಾಂತ ನೀರಿಗೆ ಒಗ್ಗಿದ ಕಿವಿಗೆ ಅಲ್ಲಿನ ಅಬ್ಬರ ಬೇರೆಯೇ. ಬೆಟ್ಟದಂಚಿನಿಂದ ಉರುಳಿಬಿದ್ದ ಹವಳದ ಬಂಡೆಗಳ ಬುಡವನ್ನು ಅಲೆಗಳು ಸವೆಸಿ ಸವೆಸಿ ಅವು ನಾಯಿಕೊಡೆಯ ಆಕಾರಕ್ಕೆ ಬಂದಿವೆ. ಒಳಸುಳಿ ಬಲವಾದ್ದರಿಂದ ಅಲ್ಲಿ ಈಜಬಾರದು. ಊರಿನವರು ಬಂಡೆಗಳ ನಡುವಿನ ಹೊಂಡಗಳಲ್ಲಿ ಕೂತು ಮೀಯುತ್ತಾರೆ. ಅಲೆಸವಾರಿಯವರಿಗೆ ಅದು ಜಗತ್ಪ್ರಸಿದ್ಧ ಜಾಗ. 1937ರವರೆಗೆ ಬ್ರಿಜ್‌ಟೌನಿನಿಂದ ಇಲ್ಲಿಗೆ ರೈಲು ಬರುತ್ತಿತ್ತು. ಈ ದಂಡೆಯುದ್ದದ ಹಳಿಗಳನ್ನು ಸಮುದ್ರ ಮತ್ತೆ ಮತ್ತೆ ಕೊಚ್ಚಿಹಾಕುತ್ತಿತ್ತು. ಈಗ ಆ ಹಳಿದಾರಿಯಲ್ಲಿ ನಡೆಯಬಹುದು. ಕೆಲವು ತಿಂಗಳು ಸರ್ಗಾಸಮ್ ಎಂಬ ಕಂದು ಕಡಲಕಳೆ ರಾಶಿರಾಶಿಯಾಗಿ ಬಂದು ಕೊಳೆತು ನಾರುತ್ತದೆ. 2011ರಿಂದೀಚೆಗೆ ಕೆರಿಬಿಯನ್ನಿಗೆ ಬಂದ ಹೊಸ ಪೀಡೆ ಅದು. ಆ ಬಂಡೆಗಳ ಬಳಿ ಪೂರ್ವಕ್ಕೆ ಮುಖಮಾಡಿ ನಿಂತರೆ ಮುಂದೆ ಆಫ್ರಿಕಾದವರೆಗೆ ನೀರು ಬಿಟ್ಟು ಬೇರೇನಿಲ್ಲ. ನ್ಯೂಟನ್ನಿನ 570 ಮಂದಿಯಲ್ಲಿ ಎಷ್ಟೋ ಜನ, ಅಥವಾ ಅವರ ತಂದೆತಾಯಿಯರು, ಈ ನೀರಿನ ಮೇಲಿಂದಲೇ ಬಂದವರು.

ಕ್ರಿಕೆಟ್ ಬಗ್ಗೆ ಹೇಳದೆ ಹೋದರೆ ಇಲ್ಲಿರುವ ಯುವಕರು ಬಿಡುವುದಿಲ್ಲ. ಬ್ರಿಜ್‌ಟೌನಿನ ಕೆನ್ಸಿಂಗ್ಟನ್ ಓವಲ್ ಮೈದಾನದಲ್ಲಿ 1997ರಲ್ಲಿ 120 ಓಟಗಳ ಗುರಿ ಬೆನ್ನತ್ತಿ ನಮ್ಮವರು 81ಕ್ಕೆ ಉರುಳಿದ ನೋವು ನನಗೆ ಇನ್ನೂ ಹಸಿಯಾಗಿದೆ. ಆ ಟೆಸ್ಟಿನಲ್ಲಿ ನಮ್ಮ ವೆಂಕಟೇಶ್ ಪ್ರಸಾದ್ ಐದು ವಿಕೆಟ್ ಪಡೆದಿದ್ದರು, ದ್ರಾವಿಡ್ ಮೊದಲ ಇನಿಂಗ್ಸಿನಲ್ಲಿ 78 ಹೊಡೆದಿದ್ದರು. 2024ರ ಜೂನ್ 29ರಂದು ಅದೇ ದ್ರಾವಿಡ್ ತರಬೇತುದಾರರಾಗಿದ್ದ ತಂಡ ಅದೇ ಮೈದಾನದಲ್ಲಿ ಟಿ20 ವಿಶ್ವಕಪ್ ಎತ್ತಿದಾಗ ಮನೆಯಲ್ಲಿ ಟಿವಿಯ ಮುಂದೆ ಕೂತಿದ್ದ ನನ್ನ ಕಣ್ಣು ತುಂಬಿತು. ಎರಡು ದಿನಕ್ಕೆ ಬೆರಿಲ್ ಚಂಡಮಾರುತ ದ್ವೀಪದ ದಕ್ಷಿಣಕ್ಕೆ ಹಾದುಹೋಯಿತು. ನಮ್ಮ ತಂಡ ಹೋಟೆಲಿನಲ್ಲೇ ಸಿಕ್ಕಿಹಾಕಿಕೊಂಡ ಸುದ್ದಿ ಇಲ್ಲಿ ದೊಡ್ಡದಾಗಿ ಬಂತು. ಬ್ರಿಜ್‌ಟೌನಿನ ಮೀನುಗಾರಿಕಾ ಬಂದರಿನಲ್ಲಿ ದೋಣಿಗಳು ಒಂದರ ಮೇಲೊಂದು ಬಿದ್ದು ಒಡೆದದ್ದು ಅಷ್ಟಾಗಿ ಬರಲಿಲ್ಲ. ಹಾರುವ ಮೀನು ಹಿಡಿದು ಬದುಕುವ ಆ ಜನರನ್ನು ನಾನು ಆ ಬಂದರಿನಲ್ಲೇ ಕಂಡಿದ್ದೆ.

ಉಪನ್ಯಾಸ ಮುಗಿದ ಮೇಲೆ ಮುಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ, "ಸಾರ್, ನಮಗೆ ಎರಡೇ ದಿನ ಸಿಕ್ಕಿದರೆ ಏನು ನೋಡಬೇಕು?" ಎಂದು ಕೇಳಿದರು. ನಾನು ಹೇಳಿದೆ: ಮೊದಲ ದಿನ ಬೆಳಿಗ್ಗೆ ನ್ಯೂಟನ್, ಅಮ್ಮಾ, ಬಿಸಿಲೇರುವ ಮೊದಲು. ಅಲ್ಲಿಂದ ಗನ್ ಹಿಲ್, ಬುಸ್ಸಾ. ಮಧ್ಯಾಹ್ನ ಗ್ಯಾರಿಸನ್ನಿನ ಸಂಗ್ರಹಾಲಯ. ಮರುದಿನ ಬೆಳಕು ಹರಿಯುವ ಮುಂಚೆ ಕಾರ್ಲೈಲ್ ಕೊಲ್ಲಿಗೆ ಹೋಗಿ, ಕುದುರೆಗಳು ನೀರಿಗಿಳಿಯುವುದನ್ನು ನೋಡಿ, ತಾವೂ ಕುತ್ತಿಗೆಮಟ್ಟ ಇಳಿಯಿರಿ. ಪಕ್ಕದಲ್ಲಿ ಟೋಪಿ ಹಾಕಿದ ಅಜ್ಜಿಯರಿರುತ್ತಾರೆ, ಮಾತಿಗೆ ಅವರೇ ಶುರುಮಾಡುತ್ತಾರೆ.